ಬೆಲ್ಲದ ಬಣ್ಣ ನೋಡಿ ಮೋಸ ಹೋಗದಿರೋಣ



ಮೊಂತಿ ಹಬ್ಬ ಹತ್ತಿರವಾದಂತೆ ನಮ್ಮ ಮನೆಗಳಲ್ಲಿ ಪಾಯಸಕ್ಕೆ, ಸಿಹಿತಿಂಡಿಗೆ ಬೆಲ್ಲ ಬೇಕಾಗುತ್ತದೆ. ಹಳದಿಯಾಗಿ ಹೊಳೆಯುವ ಬೆಲ್ಲವೇ ಒಳ್ಳೆಯದು ಎಂಬುದು ಹಿಂದಿನಿಂದ ಬಂದ ಅಭಿಪ್ರಾಯ. ಈಗ ವಾಟ್ಸಾಪಿನಲ್ಲಿ ಬರುವ ಸಂದೇಶಗಳು ಇದಕ್ಕೆ ತದ್ವಿರುದ್ಧ: ಕಪ್ಪು ಬೆಲ್ಲವೇ ಶುದ್ಧ, ಸಕ್ಕರೆ ಕಾಯಿಲೆಯವರೂ ಧಾರಾಳ ತಿನ್ನಬಹುದು ಎನ್ನುತ್ತವೆ. ಇವೆರಡೂ ಪೂರ್ತಿ ಸರಿಯಲ್ಲ. ಏಕೆಂದು ತಿಳಿಯಲು ಬೆಲ್ಲ ತಯಾರಾಗುವ ಊರಿನ ಕಡೆ ನೋಡಬೇಕು.

ಮದ್ದೂರು ತಾಲೂಕಿನ ಚಿಕ್ಕರಸಿನಕೆರೆ ಹೋಬಳಿ ಕಬ್ಬಿನ ಸೀಮೆ. ಕೇಂದ್ರ ಸರ್ಕಾರದ 'ಒಂದು ಜಿಲ್ಲೆ ಒಂದು ಉತ್ಪನ್ನ' ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಆಯ್ಕೆಯಾದದ್ದು ಬೆಲ್ಲವೇ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ, ಕೊಳೆ ತೆಗೆದು, ಪಾಕ ಹದಕ್ಕೆ ಬಂದಾಗ ಅಚ್ಚಿಗೆ ಹಾಕುತ್ತಾರೆ. ಕೊಳೆ ಬಿಡಿಸಲು ಸುಣ್ಣ, ಬೆಂಡೆ ಗಿಡದ ಲೋಳೆ ಬಳಸುವುದು ಹಳೆಯ ಪದ್ಧತಿ. ಹೀಗೆ ಕುದಿದ ಬೆಲ್ಲ ಸಹಜವಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ.

ಆದರೆ ಗಿರಾಕಿ ಹಳದಿ ಬಣ್ಣ ಕೇಳುತ್ತಾನೆ. ಕಂದು ಬೆಲ್ಲಕ್ಕೆ ಬೆಲೆ ಇಳಿಯುತ್ತದೆ. ಆಗ 'ಹೈಡ್ರೋಸ್' ಎಂದು ಕರೆಯುವ ಸೋಡಿಯಂ ಹೈಡ್ರೋಸಲ್ಫೈಟ್ ಸುರಿಯುವ ರೂಢಿ ಬೆಳೆಯಿತು. ಇದು ಬಣ್ಣ ತಿಳಿಯಾಗಿಸುತ್ತದೆ, ಜೊತೆಗೆ ಗಂಧಕದ ಅಂಶ ಉಳಿಸುತ್ತದೆ. ಒಂದು ಕಿಲೋ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಮಿಲಿಗ್ರಾಂ ಮೀರಬಾರದೆಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಅಸ್ತಮಾ ಇರುವವರಿಗೆ ಇದರಿಂದ ಹೆಚ್ಚು ತೊಂದರೆ.

ಹಾಗೆಂದು ಕಪ್ಪು ಬಣ್ಣವೂ ಶುದ್ಧತೆಯ ಪ್ರಮಾಣಪತ್ರವಲ್ಲ. ಮಣ್ಣು, ಕಬ್ಬಿನ ತಳಿ, ಕುದಿಸುವ ರೀತಿಗೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಕಂದು ಬಣ್ಣವನ್ನೂ ಕೃತಕವಾಗಿ ಕೊಡಬಹುದು. ಇನ್ನು ಯಾವ ಬಣ್ಣದ ಬೆಲ್ಲವಾದರೂ ಅದರಲ್ಲಿ ಬಹುಪಾಲು ಸಕ್ಕರೆಯೇ. ಸಕ್ಕರೆ ಕಾಯಿಲೆಯವರು ಸಂದೇಶ ನಂಬಿ ತಿಂದರೆ ಅಪಾಯ ತಪ್ಪಿದ್ದಲ್ಲ.

ಹಾಗಾದರೆ ನಾವೇನು ಮಾಡಬೇಕು? ಪೊಟ್ಟಣದ ಮೇಲೆ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯೇ ನೋಡೋಣ. 'ಸಾವಯವ' ಎಂದು ಬರೆದಿದ್ದರೆ 'ಜೈವಿಕ್ ಭಾರತ್' ಗುರುತು ಹುಡುಕೋಣ. ಸಾಧ್ಯವಾದರೆ ವಾಳೆಯ ನಾಲ್ಕಾರು ಮನೆಯವರು ಸೇರಿ, ರಾಸಾಯನಿಕ ಹಾಕದೆ ಬೆಲ್ಲ ಮಾಡುವ ರೈತರಿಂದಲೇ ನೇರವಾಗಿ ತರಿಸೋಣ. ಕಂದು ಬೆಲ್ಲಕ್ಕೂ ನ್ಯಾಯವಾದ ಬೆಲೆ ಸಿಕ್ಕಿದರೆ ರೈತ ಹೈಡ್ರೋಸ್ ಏಕೆ ಸುರಿದಾನು?

ಕೊಳ್ಳುವುದು ಬರೀ ವ್ಯಾಪಾರವಲ್ಲ, ಅದೊಂದು ನೈತಿಕ ನಿರ್ಧಾರವೂ ಹೌದೆಂದು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್ ನೆನಪಿಸಿದ್ದರು. ಸಂದೇಶ ಕಳುಹಿಸುವುದಕ್ಕೂ ಈ ಮಾತು ಸಲ್ಲುತ್ತದೆ. ಪರಿಶೀಲಿಸದೆ ಹತ್ತು ಜನರಿಗೆ ಕಳುಹಿಸಿದರೆ, ನಾವು ಅರಿಯದ ವಿಷಯಕ್ಕೆ ಸಾಕ್ಷಿ ಹೇಳಿದಂತೆ. ಸುಳ್ಳು ಸಾಕ್ಷಿ ಹೇಳಬಾರದೆಂಬ ದೇವರ ಕಟ್ಟಳೆ ಮೊಬೈಲಿಗೂ ಅನ್ವಯಿಸುತ್ತದೆ.

ಈ ಸಲ ಹಬ್ಬದ ಬೆಲ್ಲ ಕೊಳ್ಳುವಾಗ ಬಣ್ಣದ ಜೊತೆಗೆ, ಅದನ್ನು ಮಾಡಿದ ಕೈಗಳನ್ನೂ ನೆನೆಯೋಣ.