ಫರಸಿಯ ಬಿರುಕೂ ಬಾವಿಯ ನೀರೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ಮನೆಗಳಲ್ಲಿ ನೀರು ಕಾಯಿಸುವ ಪಾತ್ರೆಯ ಒಳಮೈಗೆ ಬಿಳಿಯ ಹಕ್ಕಳೆ ಕಟ್ಟುವುದನ್ನು ನೋಡದವರು ವಿರಳ. ಆ ಹಕ್ಕಳೆಯೂ ಅಂಗಳಕ್ಕೆ ಹಾಸಿದ ಶಹಾಬಾದಿ ಫರಸಿಯೂ ಬಹುಮಟ್ಟಿಗೆ ಒಂದೇ ವಸ್ತು: ಕ್ಯಾಲ್ಸಿಯಂ ಕಾರ್ಬೊನೇಟ್. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲವಾಗುತ್ತದೆ. ಸುಣ್ಣಕಲ್ಲನ್ನು ಕರಗಿಸಿಕೊಂಡು ಬಾವಿಗೆ ಇಳಿಯುತ್ತದೆ. ಕಾಯಿಸಿದಾಗ ಅನಿಲವು ಹೊರಬಿದ್ದು ಕಲ್ಲು ಪಾತ್ರೆಯಲ್ಲಿ ಉಳಿಯುತ್ತದೆ. ಇದಕ್ಕೆ ಅಂಜಬೇಕಾದುದಿಲ್ಲ. ಅಂಜಬೇಕಾದುದು ಅದೇ ಹಾದಿಯಲ್ಲಿ ಕಾಣದಂತೆ ಬರುವ ಇನ್ನೊಂದಕ್ಕೆ.

ಮರಳುನೆಲದಲ್ಲಿ ನೀರು ಕಣಗಳ ನಡುವೆ ತೆವಳುತ್ತ ಸೋಸಿಕೊಳ್ಳುತ್ತದೆ. ಸುಣ್ಣಕಲ್ಲಿನಲ್ಲಾದರೋ ಅದು ಸಂದುಬಿರುಕುಗಳಲ್ಲಿ ಓಡುತ್ತದೆ. ವಿದ್ಯಾರ್ಥಿಗಳು ಇಲ್ಲಿ ಒಂದು ನಿಯಮವನ್ನು ಗಮನಿಸಬೇಕು: ಒತ್ತಡದ ಇಳಿತವು ಒಂದೇ ಆಗಿದ್ದರೆ, ಕಿರುಬಿರುಕಿನಲ್ಲಿ ಹರಿಯುವ ನೀರಿನ ಪ್ರಮಾಣವು ಬಿರುಕಿನ ಅಗಲದ ಘನಕ್ಕೆ ಅನುಗುಣವಾಗಿರುತ್ತದೆ. ಅಗಲವು ಇಮ್ಮಡಿಯಾದರೆ ಹರಿವು ಎಂಟು ಮಡಿ! ನೀರಾದರೋ ಬಿರುಕನ್ನು ಕರಗಿಸಿ ಹಿಗ್ಗಿಸುತ್ತಲೇ ಇರುತ್ತದೆ. (ಚಿಂಚೋಳಿಯ ಕಡೆ ಕಪ್ಪು ಅಗ್ನಿಶಿಲೆಯೂ ಜಂಬಿಟ್ಟಿಗೆಯೂ ಇವೆ, ಅಲ್ಲಿಯ ಲೆಕ್ಕವೇ ಬೇರೆ.) ಮೇಲಿನ ಎರೆಮಣ್ಣು ಕಾಪಾಡೀತೆನ್ನೋಣವೆ? ಬೇಸಗೆಯಲ್ಲಿ ಎರೆಹೊಲ ಬಾಯ್ಬಿಡುವುದನ್ನು ರೈತರಿಗೆ ಹೇಳಬೇಕಾಗಿಲ್ಲ. ಮೊದಲ ಮಳೆಯು ಆ ಬಾಯಲ್ಲಿಯೇ ಇಳಿಯುತ್ತದೆ.

ತಿಪ್ಪೆಯ ರಸ, ಶೌಚದ ಗುಂಡಿಯ ನೀರು, ಹೊಲದ ಹೆಚ್ಚುವರಿ ಯೂರಿಯಾ ಇವುಗಳಿಂದ ಹುಟ್ಟಿದ ನೈಟ್ರೇಟು ಹೀಗೆ ಬಾವಿಯನ್ನು ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪರೀಕ್ಷೆ ಮಾಡಿಸದೆ ತಿಳಿಯದು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ೪೫ ಮಿಲಿಗ್ರಾಂ ಮೀರಬಾರದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನಿಜ. ನೈಟ್ರೇಟು ಮಾತ್ರ ಉಳಿದು, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಅಂಥ ಬಾವಿಯ ನೀರಿನಲ್ಲಿ ಕಲಸಿದ ಹಾಲನ್ನು ಕುಡಿದ ಹಸುಗೂಸುಗಳು ನೀಲಿಗಟ್ಟುವುದನ್ನು ಅಮೆರಿಕದ ಅಯೋವಾ ಪ್ರಾಂತದ ವೈದ್ಯ ಹಂಟರ್ ಕಾಮ್ಲಿ ೧೯೪೫ರಲ್ಲಿ ಪ್ರಕಟಿಸಿದನು. ಕೂಸಿನ ರಕ್ತವು ಆಮ್ಲಜನಕವನ್ನು ಸಾಗಿಸಲಾರದೆ ಹೋಗುತ್ತದೆ.

ಆದುದರಿಂದ ತಿಪ್ಪೆಯನ್ನು ಬಾವಿಯಿಂದ ದೂರವಿಡಬೇಕು. ಬಿರುಕಿನ ದಿಕ್ಕು ಕಣ್ಣಿಗೆ ಕಾಣದಾದ್ದರಿಂದ ಎಷ್ಟು ದೂರವಾದರೂ ಒಳ್ಳೆಯದೇ. ಬಾವಿಗೆ ಕಟ್ಟೆ ಬೇಕು, ಕೊಳವೆಬಾವಿಯ ಸುತ್ತ ಕಾಂಕ್ರೀಟಿನ ಹಾಸು ಬೇಕು. ಔಷಧ ಹೊಡೆಯುವ ಪಂಪನ್ನು ಅಲ್ಲಿ ತೊಳೆಯಲೇಬಾರದು. ಇನ್ನು ಈ ಸೀಮೆಯ ಮುಖ್ಯ ಬೆಳೆಯಾದ ತೊಗರಿಯು ತನ್ನ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನೇ ಪಡೆಯುತ್ತದೆ. ಅದಕ್ಕೆ ಮೇಲಿಂದಮೇಲೆ ಯೂರಿಯಾ ಹಾಕುವುದೆಂದರೆ ಹಣ ಕೊಟ್ಟು ಬಾವಿಯನ್ನು ಕೆಡಿಸಿಕೊಂಡಂತೆ.

ಎಲ್ಲಕ್ಕಿಂತ ಕೆಟ್ಟದ್ದು, ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಗೆ ಕಸ ಸುರಿಯುವುದು. ಮೇಲಿನ ಮಣ್ಣನ್ನು ಅಲ್ಲಿ ಮೊದಲೇ ತೆಗೆದುಹಾಕಿರುತ್ತಾರೆ. ಕಸದ ರಸಕ್ಕೂ ಅಂತರ್ಜಲಕ್ಕೂ ನಡುವೆ ಇರುವುದು ಬಿರುಕುಬಿಟ್ಟ ಕಲ್ಲು ಮಾತ್ರ.