ಕಾರಿನ ಟೈಮಿಂಗ್ ಬೆಲ್ಟ್: ಮನೆಯಲ್ಲೇ ಬದಲಾಯಿಸಬಹುದೇ?

ಪತಿ ಸೌದಿಯಲ್ಲೋ ದುಬೈಯಲ್ಲೋ ಇದ್ದು, ಅಂಗಳದಲ್ಲಿ ಹಳೆಯ ಮಾರುತಿ 800 ಅಥವಾ ಸ್ಯಾಂಟ್ರೋ ನಿಂತಿರುವ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟಿಲ್ಲ! ಮಕ್ಕಳ ಶಾಲೆ, ಅತ್ತೆಯ ಆಸ್ಪತ್ರೆ, ತವರಿನ ಮದುವೆ ಎಲ್ಲಕ್ಕೂ ಅದೇ ಕಾರು. ಆಯಿಲ್ ಬದಲಾಯಿಸುವುದು, ಟಯರಿಗೆ ಗಾಳಿ ತುಂಬಿಸುವುದು ನಿಮಗೆ ನೆನಪಿರುತ್ತದೆ. ಆದರೆ ಇಂಜಿನಿನ ಬದಿಯಲ್ಲಿ ಮುಚ್ಚಳದೊಳಗೆ ಅಡಗಿರುವ, ಹಲ್ಲುಗಳುಳ್ಳ ಒಂದು ರಬ್ಬರ್ ಪಟ್ಟಿಯ ಬಗ್ಗೆ ಕೇಳಿದ್ದೀರಾ?

ಅದೇ ಟೈಮಿಂಗ್ ಬೆಲ್ಟ್. ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಓಡಿಸುವ ಕ್ರ್ಯಾಂಕ್ ಶಾಫ್ಟನ್ನೂ ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟನ್ನೂ ಒಂದೇ ತಾಳಕ್ಕೆ ಕಟ್ಟುವುದು ಅದರ ಕೆಲಸ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಬೆಲ್ಟ್ ತುಂಡಾದರೆ ಬಹಳಷ್ಟು ಇಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ತೆರೆದಿರುವ ವಾಲ್ವ್‌ಗೆ ಬಡಿಯುತ್ತದೆ. ವಾಲ್ವ್ ಬಾಗಿತೆಂದರೆ ಇಂಜಿನ್ ಬಿಚ್ಚಿಯೇ ಸರಿಪಡಿಸಬೇಕು. ಸಾಮಾನ್ಯವಾಗಿ ಅದು ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ.

ಎಲ್ಲ ಕಾರುಗಳಲ್ಲೂ ಬೆಲ್ಟ್ ಇರುವುದಿಲ್ಲ. ಮಾರುತಿಯ ಕೆ-ಸೀರೀಸ್ ಇಂಜಿನ್‌ಗಳಲ್ಲಿ ಚೈನ್ ಇದೆ. ಬೆಲ್ಟ್ ಇದ್ದರೆ ಅದನ್ನು ಯಾವಾಗ ಬದಲಾಯಿಸಬೇಕೆಂದು ಕಾರಿನೊಂದಿಗೆ ಬಂದ ಪುಸ್ತಕದಲ್ಲಿ ನೋಡಿ. ಸಾಮಾನ್ಯವಾಗಿ 60 ಸಾವಿರದಿಂದ 1 ಲಕ್ಷ ಕಿಲೋಮೀಟರಿನೊಳಗೆ. ಓಡದೆ ನಿಂತ ಕಾರಿನ ರಬ್ಬರಿಗೂ ವಯಸ್ಸಾಗುತ್ತದೆ, ಆದ್ದರಿಂದ ವರ್ಷಗಳ ಲೆಕ್ಕವನ್ನೂ ಹಿಡಿಯಿರಿ. ಇಷ್ಟು ದಿನ ಏನೂ ಆಗಿಲ್ಲ, ಅಲ್ಲಾಹನ ಮೇಲೆ ಭರವಸೆಯಿದೆ ಎನ್ನುವವರಿದ್ದಾರೆ. ಒಂಟೆಯನ್ನು ಕಟ್ಟಿದ ಬಳಿಕವಲ್ಲವೇ ತವಕ್ಕುಲ್?

ಇನ್ನು ಮನೆಯಲ್ಲಿ ಮಾಡುವ ಮಾತು. ಯಂತ್ರ ಬಿಚ್ಚಿ ಕೂಡಿಸಿ ಅಭ್ಯಾಸವಿರುವ ಮಗನೋ ತಮ್ಮನೋ ಇದ್ದರೆ, ಹಳೆಯ ಸರಳ ಇಂಜಿನ್‌ಗಳಲ್ಲಿ ಇದು ಅಸಾಧ್ಯವೇನಲ್ಲ. ತಣ್ಣಗಾದ ಇಂಜಿನ್, ಕಳಚಿದ ಬ್ಯಾಟರಿ, ಜಾಕಿನ ಜೊತೆಗೆ ಗಟ್ಟಿ ಸ್ಟ್ಯಾಂಡ್ ಇರಲೇಬೇಕು. ಬರೇ ಜಾಕ್ ಮೇಲೆ ನಿಂತ ಕಾರಿನಡಿಗೆ ಯಾರನ್ನೂ ಬಿಡಬೇಡಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಹಟಮಾರಿ. ಕಾರನ್ನು ಐದನೇ ಗೇರಿಗೆ ಹಾಕಿ ಒಬ್ಬರು ಬ್ರೇಕ್ ತುಳಿದು ಹಿಡಿದರೆ, ಉದ್ದ ಹಿಡಿಯ ಪಾನಾದಿಂದ ಬಿಚ್ಚಬಹುದು.

ಉಪಕರಣಕ್ಕಿಂತ ಇಲ್ಲಿ ಗುರುತು ಮುಖ್ಯ. ಕ್ರ್ಯಾಂಕ್ ಮತ್ತು ಕ್ಯಾಮ್ ಚಕ್ರಗಳ ಮೇಲೆ ಕಂಪೆನಿಯೇ ಗುರುತು ಹಾಕಿರುತ್ತದೆ. ಅವುಗಳನ್ನು ಇಂಜಿನಿನ ಮೇಲಿರುವ ಗುರುತಿಗೆ ಸರಿಹೊಂದಿಸಿ, ಎರಡೂ ಚಕ್ರಗಳಿಗೂ ಬೆಲ್ಟಿಗೂ ಬಣ್ಣ ಹಚ್ಚಿ. ವುಝೂಗೆ ಅಡ್ಡಿಯೆಂದು ಹಚ್ಚದೆ ಕಪಾಟಿನಲ್ಲಿಟ್ಟ ನೈಲ್ ಪಾಲಿಶ್ ಇದ್ದರೆ ಇದಕ್ಕಿಂತ ಒಳ್ಳೆಯ ಉಪಯೋಗ ಇನ್ನೊಂದಿಲ್ಲ! ಹಳೆಯ ಬೆಲ್ಟಿನ ಗುರುತುಗಳ ನಡುವಿನ ಹಲ್ಲುಗಳನ್ನು ಎಣಿಸಿ ಹೊಸದಕ್ಕೂ ಹಾಗೆಯೇ ಹಚ್ಚಿ. ಬಳಿಕ ಟೆನ್ಷನರ್ ಸಡಿಲಿಸಿ ಹಳೆಯದನ್ನು ತೆಗೆಯಿರಿ. ಹೊಸದು ಕೂರುವವರೆಗೆ ಯಾವ ಚಕ್ರವೂ ಅಲುಗಬಾರದು. ಹೊಸ ಬೆಲ್ಟನ್ನು ಮಡಚಬೇಡಿ, ತಿರುಚಬೇಡಿ, ಎಣ್ಣೆ ತಾಗಿಸಬೇಡಿ.

ಬೆಲ್ಟ್ ಬಿಗಿದ ತಕ್ಷಣ ಚಾವಿ ತಿರುಗಿಸುವವರೇ ಇಂಜಿನ್ ಕೆಡಿಸಿಕೊಳ್ಳುವುದು. ಮೊದಲು ಪಾನಾದಿಂದ ಕ್ರ್ಯಾಂಕನ್ನು ಅದು ಓಡುವ ದಿಕ್ಕಿನಲ್ಲೇ, ಕೈಯಾರೆ, ಎರಡು ಪೂರ್ತಿ ಸುತ್ತು ತಿರುಗಿಸಿ. ಮಧ್ಯದಲ್ಲಿ ಗಟ್ಟಿಯಾಗಿ ತಡೆದರೆ ಒತ್ತಾಯ ಬೇಡ, ಬಿಚ್ಚಿ ಮತ್ತೆ ಕೂಡಿಸಿ. ಎರಡು ಸುತ್ತಿನ ಬಳಿಕ ಚಕ್ರಗಳ ಗುರುತು ಮೊದಲಿನ ಜಾಗಕ್ಕೇ ಬರಬೇಕು. ಒಂದು ಹಲ್ಲು ತಪ್ಪಿದ್ದರೂ ಪುನಃ ಮಾಡಬೇಕು. ಪುಲ್ಲಿಯ ಬೋಲ್ಟನ್ನು ಮಾತ್ರ ಅಂದಾಜಿನಲ್ಲಿ ಬಿಗಿಯಬಾರದು. ಅಳತೆಯ ಟಾರ್ಕ್ ವ್ರೆಂಚನ್ನು ಎಲ್ಲಿಂದಾದರೂ ಕೇಳಿ ತನ್ನಿ.

ಶಾಫ್ಟ್‌ಗಳಿಗೆ ಲಾಕಿಂಗ್ ಪಿನ್ ಬೇಕಾಗುವ ಇಂಜಿನ್, ಮೌಂಟ್ ಬಿಚ್ಚಿ ಇಂಜಿನನ್ನೇ ಎತ್ತಿ ಹಿಡಿಯಬೇಕಾದ ಕಾರು, ಇವುಗಳನ್ನು ಮುಟ್ಟಬೇಡಿ, ಗ್ಯಾರೇಜಿಗೇ ಕೊಡಿ. ಅಲ್ಲಿಯೂ ಸುಮ್ಮನೆ ಬಿಲ್ ಕಟ್ಟಿ ಬರಬೇಡಿ. ಟೆನ್ಷನರನ್ನೂ ಬದಲಾಯಿಸಿದ್ದೀರಾ, ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿದ್ದೀರಾ ಎಂದು ಕೇಳಿ. ಹಳೆಯ ಬೆಲ್ಟನ್ನು ಕೇಳಿ ಪಡೆದು, ಬದಲಾಯಿಸಿದ ದಿನಾಂಕವನ್ನೂ ಕಿಲೋಮೀಟರನ್ನೂ ಕಾರಿನ ಪುಸ್ತಕದಲ್ಲಿ ಬರೆದಿಡಿ.