ಮಾಲೀಕರು ‘ಈ ರೇಟಿಗೆ ಆಗಲ್ಲ’ ಅಂದ್ರಾ? ಮನೆ ಚೌಕಾಸಿ ಶುರುವಾಗೋದೇ ಅಲ್ಲಿಂದ

ಇವತ್ತಿನ ವಿಷಯ ಮನೆ ಖರೀದಿ. ಅದರಲ್ಲೂ ಒಂದೇ ಒಂದು ಘಟ್ಟ. ಮನೆ ನೋಡಿದ್ದೀರಿ, ಇಷ್ಟ ಆಗಿದೆ, ನಿಮ್ಮ ರೇಟು ಹೇಳಿದ್ದೀರಿ, ಮಾಲೀಕರು ‘ಆಗಲ್ಲ’ ಅಂದಿದ್ದಾರೆ. ಈಗ ಏನು ಮಾಡೋದು?

ಇಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ಮಾಡ್ತಾರೆ. ಒಂದೋ ಮುಖ ಸಪ್ಪೆ ಮಾಡ್ಕೊಂಡು ವಾಪಸ್ ಬರ್ತಾರೆ. ಇಲ್ಲಾಂದ್ರೆ ಕೈತಪ್ಪಿ ಹೋಗುತ್ತೆ ಅನ್ನೋ ಗಾಬರಿಯಲ್ಲಿ ಅದೇ ಸಂಜೆ ಫೋನ್ ಮಾಡಿ ಎರಡು, ಮೂರು ಲಕ್ಷ ಏರಿಸಿಬಿಡ್ತಾರೆ. ಎರಡೂ ಬೇಡ. ಮಾಲೀಕರು ಬೇಡ ಅಂದದ್ದು ಒಂದು ಮಾಹಿತಿ. ಆ ‘ಬೇಡ’ದ ಹಿಂದೆ ಏನಿದೆ ಅಂತ ತಿಳ್ಕೊಂಡ ಮೇಲೆ ಎರಡನೇ ರೇಟು ಹೇಳಬೇಕು. ಮತ್ತೆ, ಅದಕ್ಕೂ ಮೊದಲು ನಮ್ಮ ಕೊನೆ ರೇಟು ಯಾವುದು ಅಂತ ಕಾಗದದ ಮೇಲೆ ಬರೆದಿಟ್ಟಿರಬೇಕು.

ನಮ್ಮದೇ ಉದಾಹರಣೆ ಇಟ್ಕೊಂಡು ಹೇಳ್ತೀನಿ. ಕೆಂಗೇರಿ ಕಡೆ ಹಳೇ ಅಪಾರ್ಟ್‌ಮೆಂಟ್ ಒಂದರಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್. ಮಾಲೀಕರು ಹೇಳಿದ್ದು 78 ಲಕ್ಷ. ನಾನೂ ನನ್ನ ಗಂಡನೂ ಕೇಳಿದ್ದು 68 ಲಕ್ಷ, ಜನವರಿ ಕೊನೆಗೆ ಮನೆ ಖಾಲಿ ಮಾಡಿಕೊಡಬೇಕು ಅಂತ. ‘ನೋಡಮ್ಮಾ, ಈ ರೇಟಿಗೆ ಆಗಲ್ಲ. ಮೆಟ್ರೊ ಬಂದ ಮೇಲೆ ಇಲ್ಲಿ ಯಾರೂ ಕೊಡ್ತಿಲ್ಲ’ ಅಂದ್ರು. ನಾವು ಕಾಫಿ ಕುಡಿದು, ಯೋಚನೆ ಮಾಡಿ ಬರ್ತೀವಿ ಅಂತ ಎದ್ದು ಬಂದ್ವಿ.

ಮೊದಲು ನಿಮ್ಮ ಗೆರೆ ಹಾಕ್ಕೊಳ್ಳಿ

ಮನೆ ಬೆಲೆ ಅಂದ್ರೆ ಮಾಲೀಕರಿಗೆ ಕೊಡೋ ದುಡ್ಡು ಮಾತ್ರ ಅಲ್ಲ. ಕರ್ನಾಟಕದಲ್ಲಿ 45 ಲಕ್ಷ ದಾಟಿದ ಆಸ್ತಿಗೆ ಮುದ್ರಾಂಕ ಶುಲ್ಕ 5 ಪರ್ಸೆಂಟ್. ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ ನಗರಗಳಲ್ಲಿ 5.6 ಆಗುತ್ತೆ. ನೋಂದಣಿ ಶುಲ್ಕ ಮೊದಲು 1 ಪರ್ಸೆಂಟ್ ಇತ್ತು, 2025ರ ಆಗಸ್ಟ್ 31ರಿಂದ 2 ಪರ್ಸೆಂಟ್ ಆಗಿದೆ. ಒಟ್ಟು 7.6 ಪರ್ಸೆಂಟ್.

ಇನ್ನು ಸಾಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಮನೆ ಬೆಲೆಯ 80 ಪರ್ಸೆಂಟ್ ಮಿತಿ. ಇಂಥ ಮನೆಗಳಲ್ಲಿ ನೋಂದಣಿ ಖರ್ಚನ್ನು ಬ್ಯಾಂಕು ಆ ಬೆಲೆಯೊಳಗೆ ಸೇರಿಸೋ ಹಾಗಿಲ್ಲ. ಅಂದ್ರೆ ಬೆಲೆಯ 20 ಪರ್ಸೆಂಟ್, ಜೊತೆಗೆ 7.6 ಪರ್ಸೆಂಟ್, ಒಟ್ಟು 27.6 ಪರ್ಸೆಂಟ್ ನಮ್ಮ ಕೈಯಿಂದಲೇ ಬರಬೇಕು.

ನಮ್ಮ ಹತ್ರ ಇದ್ದದ್ದು 21 ಲಕ್ಷ. ಅದರಲ್ಲಿ 16 ಲಕ್ಷ ನಮ್ಮಿಬ್ಬರ ಉಳಿತಾಯ. 5 ಲಕ್ಷ ಅಪ್ಪ ರಿಟೈರ್ ಆದಾಗ ಬಂದ ಹಣದಲ್ಲಿ ಕೊಟ್ಟದ್ದು. ವಕೀಲರ ಫೀಸು, ಸಾಮಾನು ಸಾಗಿಸೋ ಖರ್ಚು ಅಂತ 50 ಸಾವಿರ ಪಕ್ಕಕ್ಕಿಟ್ಟರೆ ಉಳಿಯೋದು ಇಪ್ಪತ್ತೂವರೆ ಲಕ್ಷ. ಆ ದುಡ್ಡಿಗೆ ಎಟುಕೋ ಬೆಲೆ 74 ಲಕ್ಷ. ಅದೇ ನಮ್ಮ ಗೆರೆ. ನಮ್ಮಲ್ಲಿ ಬ್ರೋಕರ್ ಇರಲಿಲ್ಲ. ಇದ್ದಿದ್ರೆ ಸಾಮಾನ್ಯವಾಗಿ 1ರಿಂದ 2 ಪರ್ಸೆಂಟ್ ಕಮಿಷನ್, ಗೆರೆ ಇನ್ನೂ ಕೆಳಗೆ ಬರ್ತಿತ್ತು.

ಅಪ್ಪ ‘ಬೇಕಿದ್ರೆ ಇನ್ನೂ ಐದು ತಗೊಳ್ಳಿ, ಮನೆ ಬಿಡಬೇಡಿ’ ಅಂದ್ರು. ಅಪ್ಪ, ಅಮ್ಮ ಇಬ್ಬರ ಔಷಧಿ, ಆಸ್ಪತ್ರೆಗೆ ಅಂತ ಉಳಿದಿರೋದು ಅದೊಂದೇ ಹಣ. ಚೌಕಾಸಿಯ ಬಿಸಿಯಲ್ಲಿ ಇಂಥ ದುಡ್ಡಿಗೇ ಕೈ ಹೋಗೋದು. ಅದಕ್ಕೇ ಹೇಳ್ತಿದೀನಿ, ಗೆರೆಯನ್ನ ಮನೇಲಿ ಕೂತು ಹಾಕ್ಕೊಳ್ಳಿ, ಮಾಲೀಕರ ಸೋಫಾ ಮೇಲೆ ಕೂತಾಗ ಬೇಡ.

ಇನ್ನೊಂದು ಲೆಕ್ಕ. 20 ವರ್ಷದ ಸಾಲ, ಬಡ್ಡಿ 8.5 ಪರ್ಸೆಂಟ್ ಅಂತಿಟ್ಕೊಳ್ಳಿ. ಪ್ರತಿ ಒಂದು ಲಕ್ಷ ಸಾಲಕ್ಕೆ ತಿಂಗಳಿಗೆ ಸುಮಾರು 868 ರೂಪಾಯಿ ಇಎಂಐ. 240 ಕಂತು ಮುಗಿಯೋ ಹೊತ್ತಿಗೆ ಆ ಒಂದು ಲಕ್ಷಕ್ಕೆ ನೀವು ಕಟ್ಟಿರೋದು 2 ಲಕ್ಷದ 8 ಸಾವಿರ. ‘ಇನ್ನೊಂದು ಲಕ್ಷ ತಾನೇ’ ಅಂತ ಯಾರಾದ್ರೂ ಅಂದಾಗ ಈ ಲೆಕ್ಕ ನೆನಪಿರಲಿ.

‘ಆಗಲ್ಲ’ ಅನ್ನೋದಕ್ಕೆ ಕಾರಣ ಏನು?

ಮಾಲೀಕರ ‘ಆಗಲ್ಲ’ದಲ್ಲಿ ಮೂರು ಥರ ಇರುತ್ತೆ. ಒಂದು, ನಿಜವಾಗಲೂ ದುಡ್ಡು ಸಾಲದು. ಹಳೇ ಸಾಲ ತೀರಿಸಬೇಕು, ಅಣ್ಣತಮ್ಮಂದಿರಿಗೆ ಪಾಲು ಕೊಡಬೇಕು. ಎರಡು, ದುಡ್ಡು ಸರಿ, ಸಮಯ ಸರಿಹೋಗ್ತಿಲ್ಲ. ಮೂರು, ಮರ್ಯಾದೆ ಪ್ರಶ್ನೆ. ಕೈಯಾರೆ ನೋಡಿಕೊಂಡ ಮನೆಗೆ ಯಾರೋ ಬಂದು ಹತ್ತು ಲಕ್ಷ ಕಡಿಮೆ ಕೇಳಿದ್ರೆ ಮನಸ್ಸಿಗೆ ನಾಟುತ್ತೆ.

ಮೂರಕ್ಕೂ ಮದ್ದು ಬೇರೆ ಬೇರೆ. ಹಾಗಾಗಿ ರೇಟು ಏರಿಸೋ ಮುಂಚೆ ಕೇಳಿ: ‘ಸಾರ್, ರೇಟು ಬಿಟ್ಟು ಬೇರೆ ಏನಾದ್ರೂ ತೊಂದರೆ ಇದೆಯಾ?’ ನಾವು ಎರಡು ದಿನ ಬಿಟ್ಟು, ಅಪ್ಪನ್ನೂ ಕರ್ಕೊಂಡು ಹೋಗಿ ಇದೇ ಪ್ರಶ್ನೆ ಕೇಳಿದ್ವಿ. ಹಿರಿಯರು ಹಿರಿಯರ ಹತ್ರ ಮಾತಾಡೋದೇ ಬೇರೆ. ಉತ್ತರ ಕೊಟ್ಟಿದ್ದು ಮಾಲೀಕರ ಹೆಂಡತಿ. ಮಗಳು ಎಸ್ಸೆಸ್ಸೆಲ್ಸಿ, ಪರೀಕ್ಷೆ ಮುಗಿಯೋವರೆಗೆ ಮನೆ ಬದಲಾಯಿಸೋ ಮಾತೇ ಇಲ್ಲ. ನಾವು ಜನವರಿ ಅಂದಿದ್ವಲ್ಲ, ಅವರಿಗೆ 68ಕ್ಕಿಂತ ಆ ಜನವರಿಯೇ ಜಾಸ್ತಿ ಚುಚ್ಚಿತ್ತು.

ಎರಡನೇ ರೇಟಿಗೆ ಆಧಾರ ಬೇಕು

ಸುಮ್ಮನೆ ‘ಸರಿ, ಎಪ್ಪತ್ತು ಮಾಡ್ಕೊಳ್ಳಿ’ ಅಂದ್ರೆ ಅದು ಸಂತೆ ವ್ಯಾಪಾರ. ಅವರು ‘ಎಪ್ಪತ್ತಾರು’ ಅಂತಾರೆ, ಅಲ್ಲಿಗೆ ನಿಂತಿತು. ನಿಮ್ಮ ಅಂಕಿಗೆ ಕಾರಣ ಇರಬೇಕು. ಕಾರಣ ಸಿಗೋ ಜಾಗ ಮೂರು.

ಮೊದಲನೆಯದು ಅಕ್ಕಪಕ್ಕದ ಮಾರಾಟ. ಆ್ಯಪ್‌ಗಳಲ್ಲಿ ಕಾಣೋದು ಮಾರೋರು ಕೇಳ್ತಿರೋ ಬೆಲೆ, ಮಾರಾಟ ಆದ ಬೆಲೆ ಅಲ್ಲ. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರನ್ನ, ವಾಚ್‌ಮನ್‌ನ, ಇತ್ತೀಚೆಗೆ ಕೊಂಡವರನ್ನ ಕೇಳಿ.

ಎರಡನೆಯದು ಕಾವೇರಿ ವೆಬ್‌ಸೈಟು. ಅಲ್ಲಿ ಆ ಜಾಗದ ಮಾರ್ಗಸೂಚಿ ದರ, ಅಂದ್ರೆ ಎಲ್ಲರೂ ಹೇಳೋ ಗೈಡೆನ್ಸ್ ವ್ಯಾಲ್ಯೂ, ಸಿಗುತ್ತೆ. ನೀವು ಕೊಡೋ ಬೆಲೆ ಮತ್ತು ಗೈಡೆನ್ಸ್ ವ್ಯಾಲ್ಯೂ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ. ಗೈಡೆನ್ಸ್ ವ್ಯಾಲ್ಯೂ ನಿಮ್ಮ ಬೆಲೆಗಿಂತ 10 ಪರ್ಸೆಂಟ್‌ಗೂ ಮೀರಿ ಮೇಲಿದ್ದರೆ ಆ ವ್ಯತ್ಯಾಸವನ್ನ ನಿಮ್ಮ ಆದಾಯ ಅಂತ ಲೆಕ್ಕ ಹಿಡಿದು ಆದಾಯ ತೆರಿಗೆ ಬೀಳುತ್ತೆ. ಆದ್ದರಿಂದ ಎಷ್ಟು ಕೆಳಗಿಳಿಯಬಹುದು ಅನ್ನೋದಕ್ಕೂ ಒಂದು ನೆಲ ಇದೆ.

ಅದೇ ಕಾವೇರಿಯಲ್ಲಿ ಇಸಿ, ಅಂದ್ರೆ ಋಣಭಾರ ಪ್ರಮಾಣಪತ್ರಕ್ಕೂ ಅರ್ಜಿ ಹಾಕಬಹುದು. ಆ ಆಸ್ತಿ ಯಾವಾಗ, ಯಾರಿಂದ ಯಾರಿಗೆ ಹೋಯ್ತು, ಅದರ ಮೇಲೆ ನೋಂದಣಿಯಾದ ಅಡಮಾನ ಇದೆಯಾ ಅಂತ ಗೊತ್ತಾಗುತ್ತೆ. ಸಾಲ ಇದ್ದರೆ ಮಾಲೀಕರು ಯಾಕೆ ಬಗ್ತಿಲ್ಲ ಅನ್ನೋದೂ ಅರ್ಥ ಆಗುತ್ತೆ.

ಮೂರನೆಯದು ಮನೆಯ ಸ್ಥಿತಿ. ಬಾತ್‌ರೂಮ್ ಸೋರಿಕೆ, ಹಳೇ ವೈರಿಂಗ್, ಅಡುಗೆಮನೆಯ ಕಬೋರ್ಡು. ಒಬ್ಬ ಮೇಸ್ತ್ರಿನ ಕರ್ಕೊಂಡು ಹೋಗಿ ಅಂದಾಜು ಬರೆಸಿ. ನಮ್ಮ ಮೇಸ್ತ್ರಿ ಒಂದೂವರೆ ಲಕ್ಷ ಅಂದ್ರು. ‘ನಿಮ್ಮ ಮನೆ ಚೆನ್ನಾಗಿಲ್ಲ’ ಅಂತ ಹೇಳೋದಕ್ಕೂ ‘ಸಾರ್, ಮನೆ ಚೆನ್ನಾಗಿ ಇಟ್ಕೊಂಡಿದ್ದೀರಿ, ಎರಡೂ ಬಾತ್‌ರೂಮಿಗೆ ಮಾತ್ರ ಇಷ್ಟು ಖರ್ಚಿದೆ’ ಅಂತ ಚೀಟಿ ತೋರಿಸೋದಕ್ಕೂ ಅಜಗಜಾಂತರ.

ರೇಟಿನ ಜೊತೆ ಬೇರೆಯದನ್ನೂ ಮೇಜಿಗೆ ತನ್ನಿ

ನಾವು ಎರಡನೇ ಸಲ ಹೇಳಿದ್ದು ಹೀಗೆ: 71.5 ಲಕ್ಷ. ವಕೀಲರು ಪೇಪರ್ ನೋಡಿ ಒಪ್ಪಿದ ಮೇಲೆ ಅಗ್ರಿಮೆಂಟ್ ದಿನ 7 ಲಕ್ಷ ಅಡ್ವಾನ್ಸ್. ರಿಜಿಸ್ಟ್ರೇಷನ್, ಕೀಲಿಕೈ ಎರಡೂ ಏಪ್ರಿಲ್‌ನಲ್ಲಿ, ಪರೀಕ್ಷೆ ಮುಗಿದ ಮೇಲೆ. ನಾವು ಬಾಡಿಗೆ ಮನೇಲೇ ಇನ್ನು ಮೂರು ತಿಂಗಳು ಇರಬೇಕಾಯ್ತು, ನಿಜ. ಆದರೆ ಅವರಿಗೆ ಆ ಮೂರು ತಿಂಗಳ ಬೆಲೆ ನಮ್ಮ ಬಾಡಿಗೆಗಿಂತ ಎಷ್ಟೋ ಪಾಲು ಹೆಚ್ಚು.

ಅವರು 75ಕ್ಕೆ ಇಳಿದ್ರು. ನಾವು 73 ಅಂದ್ವಿ. ನಮ್ಮ ಹೆಜ್ಜೆ ಮೊದಲು ಮೂರೂವರೆ, ಆಮೇಲೆ ಒಂದೂವರೆ. ಏರಿಕೆ ಚಿಕ್ಕದಾಗ್ತಾ ಹೋದ್ರೆ ಎದುರಿಗಿರೋರಿಗೆ ನೀವು ಹೇಳದೇ ಗೊತ್ತಾಗುತ್ತೆ, ಇವರು ಕೊನೆಗೆ ಬಂದ್ರು ಅಂತ. ಕೊನೆಗೆ 73.5ಕ್ಕೆ ಮಾತಾಯ್ತು. ವಾರ್ಡ್‌ರೋಬ್, ಗೀಸರ್, ಯುಪಿಎಸ್ ಅಲ್ಲೇ ಬಿಡೋದು, ಅಸೋಸಿಯೇಷನ್ ಬಾಕಿ ಮತ್ತು ಆಸ್ತಿ ತೆರಿಗೆ ಅವರೇ ಕಟ್ಟೋದು. ನಮ್ಮ ಕೈಯಿಂದ ಹೋಗೋ ದುಡ್ಡು ಸುಮಾರು 20 ಲಕ್ಷದ 29 ಸಾವಿರ. ಗೆರೆಯೊಳಗೇ ಇದ್ವಿ, ಅಪ್ಪನ ಉಳಿದ ಹಣ ಅಪ್ಪನ ಹತ್ರಾನೇ ಉಳೀತು.

‘ಸ್ವಲ್ಪ ಬ್ಲ್ಯಾಕ್ ಕೊಡಿ’ ಅಂದ್ರೆ?

ಮಾತುಕತೆ ಸಿಕ್ಕಿಹಾಕ್ಕೊಂಡಾಗ ಯಾರೋ ಒಬ್ಬರು ಈ ದಾರಿ ತೋರಿಸ್ತಾರೆ: ‘ಪೇಪರಲ್ಲಿ 60 ತೋರಿಸೋಣ, ಉಳಿದ ಹದಿಮೂರೂವರೆ ಕ್ಯಾಶ್ ಕೊಡಿ, ರಿಜಿಸ್ಟ್ರೇಷನ್ ಖರ್ಚು ನಿಮಗೇ ಉಳಿಯುತ್ತೆ.’ ಲೆಕ್ಕ ಹಾಕಿ ನೋಡೋಣ. ಶುಲ್ಕದಲ್ಲಿ ಉಳಿಯೋದು ಸುಮಾರು ಒಂದು ಲಕ್ಷ. ಆದ್ರೆ ಬ್ಯಾಂಕ್ ಸಾಲ ಕೊಡೋದು ಪೇಪರಲ್ಲಿರೋ 60ಕ್ಕೆ, ಅಂದ್ರೆ 48 ಲಕ್ಷ. ನೀವು ಕೈಯಿಂದ ಹಾಕಬೇಕಾದ ದುಡ್ಡು 20 ಲಕ್ಷದಿಂದ 30 ಲಕ್ಷಕ್ಕೆ ಏರುತ್ತೆ. ಮುಂದೆ ಇದೇ ಮನೆ ಮಾರುವಾಗ ನಿಮ್ಮ ಕೊಂಡ ಬೆಲೆ 60 ಅಂತಲೇ ಲೆಕ್ಕ, ಲಾಭದ ತೆರಿಗೆ ಜಾಸ್ತಿ.

ಕಾನೂನಿನ ಮಾತಂತೂ ಸ್ಪಷ್ಟ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ಹಣವನ್ನ ನಗದಾಗಿ ತಗೊಳ್ಳೋ ಹಾಗಿಲ್ಲ. ತಗೊಂಡವರಿಗೆ ಅಷ್ಟೇ ಮೊತ್ತದ ದಂಡ. ಇದನ್ನ ಮಾಲೀಕರಿಗೆ ನಯವಾಗಿ ಹೇಳಿ, ಅಪಾಯ ಅವರಿಗೂ ಇದೆ. ಟೋಕನ್ ಹಣ ಕೂಡ ಬ್ಯಾಂಕ್ ಮೂಲಕವೇ ಹೋಗಲಿ, ಅದಕ್ಕೊಂದು ರಸೀದಿ ಬರೆಸಿಕೊಳ್ಳಿ.

ಮಾತಾದ ಮೇಲೆ

ಬೆಲೆ ಕುದುರಿದ ಖುಷಿಯಲ್ಲಿ ಅಗ್ರಿಮೆಂಟ್ ಓದದೇ ಸೈನ್ ಹಾಕಬೇಡಿ. ಎರಡು ಸಾಲು ಇರಲೇಬೇಕು: ಹಕ್ಕುಪತ್ರದಲ್ಲಿ ದೋಷ ಕಂಡರೆ ಅಡ್ವಾನ್ಸ್ ಪೂರ್ತಿ ವಾಪಸ್, ಬ್ಯಾಂಕ್ ಸಾಲ ಸಿಗದೇ ಹೋದ್ರೂ ವಾಪಸ್. ಎಷ್ಟು ದಿನದೊಳಗೆ ಅನ್ನೋದನ್ನೂ ಬರೆಸಿ. ಇ-ಖಾತಾ ಇಲ್ಲದೆ ಈಗ ರಿಜಿಸ್ಟ್ರೇಷನ್ ಆಗಲ್ಲ, ಅದನ್ನ ಮಾಡಿಸಿಕೊಡೋ ಜವಾಬ್ದಾರಿ ಮಾಲೀಕರದ್ದು ಅಂತಲೂ ಸೇರಿಸಿ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ 1 ಪರ್ಸೆಂಟ್ ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟೋದು ಕೊಳ್ಳೋರ ಕೆಲಸ. 73.5 ಲಕ್ಷಕ್ಕೆ ಅದು 73,500 ರೂಪಾಯಿ. ಇದು ಹೆಚ್ಚುವರಿ ಖರ್ಚಲ್ಲ, ಮಾಲೀಕರಿಗೆ ಕೊಡೋದರಲ್ಲೇ ಹಿಡಿಯೋದು. ಮೊದಲೇ ಹೇಳಿಟ್ಟರೆ ಕೊನೇ ದಿನ ಜಗಳ ಇರಲ್ಲ. ಮಾಲೀಕರು ವಿದೇಶದಲ್ಲಿ ನೆಲೆಸಿದವರಾಗಿದ್ದರೆ ನಿಯಮ ಬೇರೆ, ಲೆಕ್ಕಪರಿಶೋಧಕರನ್ನ ಕೇಳಿ.

ಇಷ್ಟೆಲ್ಲ ಮಾಡಿದ ಮೇಲೂ ಮಾಲೀಕರು ನಿಮ್ಮ ಗೆರೆಗೆ ಇಳಿಯದೇ ಇರಬಹುದು. ಆಗ ‘ಸಾರ್, ನಮ್ಮ ಶಕ್ತಿ ಇಷ್ಟೇ. ಮುಂದೆ ನಿಮಗೆ ಸರಿ ಅನ್ನಿಸಿದ್ರೆ ಫೋನ್ ಮಾಡಿ’ ಅಂತ ನಂಬರ್ ಕೊಟ್ಟು ಬನ್ನಿ. ಮುನಿಸಿಕೊಂಡು ಎದ್ದು ಬಂದವರಿಗೆ ಯಾರೂ ಆಮೇಲೆ ಫೋನ್ ಮಾಡಲ್ಲ. ಆಷಾಢದಲ್ಲಿ ಕೊಳ್ಳೋರು ಕಡಿಮೆಯಾದಾಗ, ಇನ್ನೊಂದು ಪಾರ್ಟಿಗೆ ಸಾಲ ಸಿಗದೇ ಹೋದಾಗ ನಿಮ್ಮ ನಂಬರ್ ನೆನಪಾಗಬಹುದು. ಆಗದೇ ಹೋದ್ರೆ ಇನ್ನೊಂದು ಮನೆ ಬರುತ್ತೆ. ಇಎಂಐ ಕಟ್ಟಿ, ತಿಂಗಳ ಕೊನೇಲಿ ನೆಮ್ಮದಿಯಾಗಿ ಊಟ ಮಾಡೋಕೆ ಆಗೋ ಮನೆಯೇ ನಿಮ್ಮ ಮನೆ.